ಹಾವನ್ನು ಬಾಗಿಲಿಗೆ ತಂದು ನೋಡಿದ್ದು

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಬಿಳಿ ಕರ್ಚೀಫು ಇರುತ್ತದೆ. ಮುಖ ಒರೆಸಿಕೊಳ್ಳಲು ಅಲ್ಲ. ಅದಕ್ಕೆ ಬೇರೆಯದಿದೆ, ಅಂಚಿಗೆ ಹೂವಿನ ಕಸೂತಿ ಇರುವುದು. ಈ ಬಿಳಿಯದು ಬಣ್ಣ ನೋಡಲು. ಮೊನ್ನೆ ಒಗೆಯಲು ಹಾಕುವಾಗ ಅದರ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಕಂದು ಕಲೆ ಕಂಡಿತು. ತಿಕ್ಕಿದೆ, ಹೋಗಲಿಲ್ಲ. ಆ ಕಲೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ಆದರೆ ಯಾರಿಗಾದರೂ ಹೇಳಿದರೆ ಮುಖ ನೋಡುತ್ತಾರೆ. ಅದು ಒಂದು ಹೆಬ್ಬಾವಿನ ಮೈ ಒರೆಸಿದಾಗ ಆದದ್ದು.

ಹಾವಿಗಿಂತ ಮೊದಲು ಕರ್ಚೀಫಿನ ಕಥೆ ಹೇಳಬೇಕು.

ಸಿಂಧನೂರಿನ ಬಜಾರಿನಲ್ಲಿ ನಮ್ಮವ್ವನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಒಪ್ಪುವ ಜಂಪರ್ ಬಟ್ಟೆ, ಲಂಗ, ಫಾಲ್ ಇಷ್ಟೇ ಮಾರುವ ಅಂಗಡಿ. ಅಂಗಡಿ ಎಂದರೆ ಎರಡು ಗೋಡೆ, ನಡುವೆ ಅವ್ವ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಓದುತ್ತಿದ್ದೆ. ಗಿರಾಕಿ ಬಂದರೆ ನನಗೊಂದು ಕೆಲಸವಿತ್ತು. ಅವ್ವ ಬಟ್ಟೆಯ ಥಾನು ಬಿಚ್ಚಿ ತುಂಡನ್ನು ಸೀರೆಯ ಮೇಲಿಟ್ಟು ಕಣ್ಣಿನಲ್ಲೇ ಸನ್ನೆ ಮಾಡುವಳು. ನಾನು ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಲ್ಲಬೇಕು, ಗಿರಾಕಿ ಹಿಂದೆಯೇ ಬರಬೇಕು. ಒಳಗಿನ ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ, ಹೊರಗಿನ ಬಿಸಿಲು ಎಲ್ಲವನ್ನೂ ಬೆಳ್ಳಗೆ ಮಾಡಿ ತೋರಿಸುತ್ತದೆ, ನಡುವಿನ ಹೊಸ್ತಿಲೇ ನಿಜ ಎಂಬುದು ಅವ್ವನ ಸಿದ್ಧಾಂತ. ಹಾಗೆ ನಿಂತು ನಿಂತೇ ನಾನು ಉಳ್ಳಾಗಡ್ಡಿ ಬಣ್ಣ, ಬದಾಮಿ, ಪಿಸ್ತಾ, ನವಿಲುಗುತ್ತಿಗೆ ಎಲ್ಲ ಕಲಿತದ್ದು. ಮಗ್ಗಿ ಕಲಿತದ್ದು ಆಮೇಲೆ.

ಬಣ್ಣ ಒಪ್ಪಿದರೆ ಸಾಲದು, ನಿಲ್ಲಬೇಕು. ಅದಕ್ಕೆ ಎರಡನೆಯ ಪರೀಕ್ಷೆ ಇತ್ತು. ಬಿಳಿ ಕರ್ಚೀಫಿನ ತುದಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಟ್ಟೆಯ ಮೂಲೆಯನ್ನು ಒರೆಸಬೇಕು. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಮೊದಲ ಒಗೆತಕ್ಕೇ ಮೋಸ ಮಾಡುತ್ತದೆ. ತನ್ನ ಅಂಗಡಿಯ ಮಾಲೇ ಆದರೂ ಅವ್ವ ಗಿರಾಕಿಯ ಎದುರಿಗೇ ಒರೆಸುತ್ತಾಳೆ. ಬಣ್ಣ ಬಿಟ್ಟರೆ ಥಾನು ಸುತ್ತಿ ಮೇಲಿಟ್ಟು ಇನ್ನೊಂದು ಇಳಿಸುತ್ತಾಳೆ.

ಈ ಚಟ ನನ್ನನ್ನು ಬಿಡಲೇ ಇಲ್ಲ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಒಂದು ಅಕ್ಕಿ ಗಿರಣಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲೂ ಅದೇ: ನೀಲಿ ಹಾಳೆಯ ಮೇಲೆ ಅಕ್ಕಿ ಹರವಿ ಯಾವ ಕಾಳು ಹಳದಿ, ಯಾವುದು ಸುಣ್ಣದ ಹಾಗೆ ಮಂಕು ಎಂದು ಆರಿಸುವುದು. ಕಾಯಿಪಲ್ಯದ ಸಂತೆಯಲ್ಲಿ ಬದನೆಕಾಯಿಯನ್ನು ಡೇರೆಯ ನೆರಳಿನಿಂದಾಚೆ ಹಿಡಿದು ನೋಡಿ ಬೈಸಿಕೊಂಡಿದ್ದೇನೆ. ಗೆಳತಿಯೊಬ್ಬಳು ನಿಶ್ಚಯವಾದ ಗಂಡಿನ ಫೋಟೋ ತೋರಿಸಿ ಹೇಗಿದ್ದಾನೆ ಎಂದು ಕೇಳಿದಾಗ, ಶರ್ಟಿನ ಬಣ್ಣ ಇದಲ್ಲ, ಫೋಟೋ ತಿದ್ದಿದ್ದಾರೆ ಎಂದೆ. ಅವಳು ಇನ್ನೂ ಸರಿಯಾಗಿ ಮಾತಾಡುವುದಿಲ್ಲ.

ಇಂಥ ನನಗೆ ಒಂದು ದಿನ ಲಿಂಗಸುಗೂರಿನಿಂದ ಸುಜಾತಕ್ಕ ಹಾವಿನ ಫೋಟೋ ಕಳಿಸಿದಳು. ಸುಜಾತಕ್ಕ ನನ್ನ ದೊಡ್ಡಪ್ಪನ ಮಗಳು, ಅಲ್ಲಿ ಬ್ಯಾಂಕೊಂದರಲ್ಲಿ ನೌಕರಿ, ದೊಡ್ಡವ್ವನ ಜೊತೆ ಇದ್ದಾಳೆ. ಫೋಟೋದ ಕೆಳಗೆ ಒಂದೇ ಸಾಲು: ಬಣ್ಣ ಹೆಂಗೈತಿ ನೋಡಿ ಹೇಳು, ತಗೊಳ್ಳಾಕತ್ತೀನಿ.

ಅದು ಬಾಲ್ ಪೈಥಾನ್ ಎಂಬ ಜಾತಿ. ಆಫ್ರಿಕಾ ಕಡೆಯ ಸಣ್ಣ ಹೆಬ್ಬಾವು, ಹೆದರಿದರೆ ಕಡಿಯುವ ಬದಲು ತಲೆ ಒಳಗಿಟ್ಟು ಉಂಡಿಯ ಹಾಗೆ ಸುತ್ತಿಕೊಳ್ಳುತ್ತದೆ. ಆ ಸ್ವಭಾವ ಓದಿದ ಕೂಡಲೇ ನನಗೆ ಅದರ ಮೇಲೆ ಅರ್ಧ ವಿಶ್ವಾಸ ಬಂತು, ನನ್ನದೂ ಹೆಚ್ಚುಕಡಿಮೆ ಅದೇ ನೀತಿ. ನಮ್ಮ ಹೊಲದ ಹೆಬ್ಬಾವನ್ನು ಮನೆಯಲ್ಲಿಟ್ಟರೆ ಜೈಲು; ಇದು ಸಾಕಿದವರ ಪೆಟ್ಟಿಗೆಯಲ್ಲೇ ಮೊಟ್ಟೆಯೊಡೆದದ್ದು, ಇದಕ್ಕೂ ಸರಕಾರದಲ್ಲಿ ನೋಂದಣಿ ಆಗಬೇಕು. ಸುಜಾತಕ್ಕ ಬ್ಯಾಂಕಿನವಳು, ಆ ಕಾಗದ ಪತ್ರವೆಲ್ಲ ಮೊದಲೇ ವಿಚಾರಿಸಿ ಇಟ್ಟಿದ್ದಳು.

ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಾವಿನ ಮೈ ಬಹುಪಾಲು ಬಿಳಿ. ಬಿಳಿಯ ನಡುವೆ ಅಲ್ಲಲ್ಲಿ ಕಿತ್ತಳೆ ಬಣ್ಣದ ತೇಪೆ. ಫೋನು ಕೆಳಗಿಟ್ಟೆ.

ಯಾಕೆಂದರೆ ಸುಜಾತಕ್ಕನಿಗೂ ಬಿಳಿ ಕಲೆಗಳಿವೆ. ಕಾಲೇಜಿಗೆ ಹೋಗುವಾಗ ತುಟಿಯ ತುದಿಯಲ್ಲಿ ಶುರುವಾಯಿತು, ಆಮೇಲೆ ಬೆರಳ ಗಿಣ್ಣು, ಈಗ ಮಣಿಕಟ್ಟು, ಕೊರಳು. ಇದು ಇನ್ನೊಬ್ಬರಿಗೆ ಹತ್ತುವುದಿಲ್ಲ, ನೋಯುವುದಿಲ್ಲ, ಇದರಿಂದ ಬೇರೇನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೌಂಟರಿನಲ್ಲಿ ಕೆಲವು ಗಿರಾಕಿಗಳು ಪಾಸ್‌ಬುಕ್ಕನ್ನು ಅವಳ ಬೆರಳು ತಾಗದಂತೆ ತುದಿ ಹಿಡಿದು ಇಸಿದುಕೊಳ್ಳುತ್ತಾರಂತೆ. ಅದನ್ನು ಅವಳು ನನಗೆ ಒಮ್ಮೆ ಹೇಳಿದ್ದಳು, ಬಸ್ಸು ತಡವಾಯಿತು ಎಂದು ಹೇಳುವ ಹಾಗೆ.

ನಮ್ಮ ಮನೆತನ ಮೂಲತಃ ಮುಕ್ಕುಂದ ಎಂಬ ಹಳ್ಳಿಯದು. ಭತ್ತದ ಗದ್ದೆ, ಗದ್ದೆಗೆ ಇಲಿ, ಇಲಿಗೆ ಹಾವು. ಹೊತ್ತು ಮುಳುಗಿದ ಮೇಲೆ ಅಲ್ಲಿ ಹಾವು ಎನ್ನಬಾರದು, ಹುಳ ಎನ್ನಬೇಕು. ಹೆಸರು ಕೇಳಿದರೆ ಬಂದುಬಿಡುತ್ತದೆ. ಚಿಕ್ಕವಳಿದ್ದಾಗ ನಾನು ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ ನಿಜವಾದ ಹುಳ ಕಂಡರೂ ಕಿರುಚಿ ಓಡುತ್ತಿದ್ದೆ. ನಮ್ಮವರು ಅಂಜಿದ್ದಕ್ಕೆಲ್ಲ ಮಾಡುವುದು ಇದನ್ನೇ, ಹೆಸರು ಬಿಡುವುದು. ಸುಜಾತಕ್ಕನ ಕಲೆಗೂ ಮನೆಯಲ್ಲಿ ಹೆಸರಿಲ್ಲ. ‘ಅದು’ ಹೇಗಿದೆ ಎಂದು ಕೇಳುತ್ತಾರೆ. ಅವಳು ಅಂಗಡಿಗೆ ಬಂದರೆ ಅವ್ವ ಬಿಳಿ ಬಟ್ಟೆಯನ್ನು ಕೂಡ ಕೆನೆ ಬಣ್ಣದ್ದು ಎಂದೇ ಕರೆಯುತ್ತಾಳೆ. ಉದ್ದ ತೋಳಿಗೆ ಬೇಕಾದಷ್ಟು ಬಟ್ಟೆಯನ್ನು ಕೇಳದೆಯೇ ಹರಿದು ಕೊಡುತ್ತಾಳೆ.

ಹೀಗಾಗಿ ನಾನು ಬಹಳ ಯೋಚಿಸಿ ಉತ್ತರ ಬರೆದೆ: ಫೋಟೋದಲ್ಲಿ ಹೇಳಲು ಆಗುವುದಿಲ್ಲ, ಎದುರಿಗೆ ನೋಡಬೇಕು. ಅವಳು ಕೂಡಲೇ ಬರೆದಳು: ಹಂಗಾರ ಭಾನುವಾರ ಮಸ್ಕಿಗೆ ಬಾ. ನೀ ಹೂಂ ಅಂದ್ರ ತಗೊಂತೀನಿ, ಇಲ್ಲಾಂದ್ರ ಇಲ್ಲ.

ಶನಿವಾರ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಫೋನಿನಲ್ಲಿ ಮೊದಲು ನನ್ನ ಊಟ, ಅವ್ವನ ಮೊಣಕಾಲು, ಕಾಲುವೆಗೆ ನೀರು ಬಿಟ್ಟರೇ ಎಂಬುದನ್ನೆಲ್ಲ ಕೇಳಿ, ಆಮೇಲೆ ದನಿ ತಗ್ಗಿಸಿದಳು.

“ತಂಗಿ, ಅಕಿ ಹುಳ ತರ್ತೀನಿ ಅಂತ ಹಟ ಹಿಡದು ಕುಂತಾಳ. ನಾ ಬ್ಯಾಡಂದ್ರ ಕೇಳಂಗಿಲ್ಲ. ನಿನ್ನ ಕಣ್ಣಿನ ಮ್ಯಾಲ ಅಕಿಗೆ ಭಾಳ ಭರೋಸ. ಏನಾರ ಒಂದು ಹುಳುಕು ತೆಗಿ. ಬಣ್ಣ ಬರೋಬರ್ ಇಲ್ಲ ಅನ್ನು, ಸಾಕು.”

ದೊಡ್ಡವ್ವನ ಸಂಕಟ ನನಗೆ ಗೊತ್ತಿತ್ತು. ಮಗಳ ಕಲೆಗೆ ಸರ್ಪದೋಷವೇ ಕಾರಣವೆಂದು ಯಾರೋ ಹೇಳಿದ ಮೇಲೆ ಅವಳು ವರ್ಷಗಟ್ಟಲೆ ಸುಜಾತಕ್ಕನನ್ನು ನಾಗರಕಟ್ಟೆಗೆ ಕರೆದೊಯ್ದು ಹಾಲು ಹಾಕಿಸಿದ್ದಾಳೆ. ಸುಜಾತಕ್ಕ ಬಾಯಿ ತೆರೆಯದೆ ಹೋದಳು, ನೌಕರಿ ಸಿಕ್ಕ ವಾರದಿಂದ ಬಾಯಿ ತೆರೆಯದೆಯೇ ನಿಲ್ಲಿಸಿದಳು. ದೊಡ್ಡವ್ವ ಈಗಲೂ ಒಬ್ಬಳೇ ಹೋಗುತ್ತಾಳೆ.

“ಇಷ್ಟು ವರ್ಷ ಕೈ ಮುಗದು ತಪ್ಪಾತು ತಪ್ಪಾತು ಅಂದೀನಿ,” ಎಂದಳು ದೊಡ್ಡವ್ವ. “ಈಗ ಇಕಿ ಅದನ್ನ ತಂದು ಡಬ್ಬ್ಯಾಗ ಹಾಕ್ತಾಳಂತ.”

ಮರುದಿನ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸುಜಾತಕ್ಕ ನನಗಿಂತ ಮೊದಲೇ ಬಂದು ನಿಂತಿದ್ದಳು. ಉದ್ದ ತೋಳಿನ ಬದಾಮಿ ಜಂಪರು, ಕೈಯಲ್ಲಿ ಗಾಳಿಯಾಡಲು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. ನನ್ನ ಹೂಂ ಬರುವುದಕ್ಕೂ ಮೊದಲೇ ಡಬ್ಬಿ ತಂದಿದ್ದಾಳಲ್ಲ ಎಂದುಕೊಂಡೆ. ಅವಳ ಮುಖದಲ್ಲಿ ಇಷ್ಟು ಬೆಳಕನ್ನು ನಾನು ನೌಕರಿ ಸಿಕ್ಕಾಗಲೂ ನೋಡಿರಲಿಲ್ಲ.

ಮಾರುವವರ ಹೆಸರು ಖಾಜಾ. ಬಜಾರಿನಲ್ಲಿ ಬಣ್ಣದ ಮೀನಿನ ಅಂಗಡಿ. ಗೋಡೆಯ ತುಂಬ ಗಾಜಿನ ತೊಟ್ಟಿ, ತೊಟ್ಟಿಯ ತುಂಬ ನೀಲಿ ದೀಪ. ಆ ಬೆಳಕಿನಲ್ಲಿ ಖಾಜಾ ಭಾಯ್ ಕೂಡ ನೀಲಿಯಾಗಿದ್ದರು. ಅವರು ಫೋಟೋದಲ್ಲಿದ್ದ ಹಾವನ್ನು ಮೃದುವಾಗಿ ಎತ್ತಿ ತಂದರು. ಅದು ಅವರ ಅಂಗೈಯಲ್ಲೇ ಉಂಡಿಯಾಯಿತು.

“ಬಿಳಿ ಜಾಸ್ತಿ ಇದ್ದಂಗ ರೇಟ್ ಜಾಸ್ತಿ ರೀ ಮೇಡಂ,” ಎಂದರು. “ಇಷ್ಟು ಬಿಳಿ ಸಿಗಬೇಕಂದ್ರ ಮಂದಿ ವರ್ಷಗಟ್ಟಲೆ ಕಾಯ್ತಾರ.”

ಹೇಳಿದ ಮೇಲೆ ಅವರ ಕಣ್ಣು ಸುಜಾತಕ್ಕನ ಬೆರಳ ಮೇಲೆ ಬಿತ್ತು. ನಾನು ಮೀನು ನೋಡತೊಡಗಿದೆ. ಸುಜಾತಕ್ಕ ನಕ್ಕಳು, ತೋರಿಕೆಯ ನಗೆಯಲ್ಲ.

“ಕೇಳಿದೇನು?” ಎಂದಳು ನನಗೆ. “ನನ್ನ ರೇಟ್ ನನಗ ಯಾರೂ ಹೇಳೇ ಇಲ್ಲ ನೋಡು.”

ಖಾಜಾ ಭಾಯ್ ಕೂಡ ನಕ್ಕರು, ಮೊದಲು ಅಂಜುತ್ತ, ಆಮೇಲೆ ನಿರಾಳವಾಗಿ. ನನಗೆ ಮಾತ್ರ ನಗು ಬೇಗ ಬರಲಿಲ್ಲ. ನನಗೆ ಎಲ್ಲವೂ ಸ್ವಲ್ಪ ತಡ.

ಬಾಗಿಲಿಗೆ ತಂದು ನೋಡಬೇಕು ಎಂದೆ. ಮುಂಬಾಗಿಲಿಗೆ ತಂದರೆ ಇಡೀ ಬಜಾರು ಕೂಡುತ್ತದೆ ಎಂದು ಅವರು ನಮ್ಮನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದರು. ಅಲ್ಲೊಂದು ಬೇವಿನ ಮರ, ಒಗೆಯುವ ಕಲ್ಲು. ಪಕ್ಕದ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದ ಹೆಂಗಸು ನಮ್ಮನ್ನು ಕಂಡು ಕೈ ನಿಲ್ಲಿಸಿದಳು. ಸುಜಾತಕ್ಕ ಹೊಸ್ತಿಲ ಮೇಲೆ ಕೂತು ಕೈ ಚಾಚಿದಳು. ಹಾವು ನಿಧಾನವಾಗಿ ಬಿಚ್ಚಿಕೊಂಡು ಅವಳ ಮಣಿಕಟ್ಟನ್ನು ಸುತ್ತಿತು.

“ಬಿಗಿ ಹಿಡೀತೈತಿ ನೋಡು,” ಎಂದಳು ಮೆಲ್ಲಗೆ.

ನಾನು ವಾರವೆಲ್ಲ ಓದಿಕೊಂಡು ಬಂದಿದ್ದೆ. ಪೊರೆ ಬಿಡುವ ಮೊದಲು ಈ ಹಾವಿನ ಕಣ್ಣಿಗೆ ಹಾಲು ಕಟ್ಟಿದಂತಾಗಿ ಮೈಬಣ್ಣವೂ ಧೂಳು ಕೂತಂತೆ ಮಂಕಾಗುತ್ತದೆ. ಆಗ ನೋಡಿ ಬೇಡವೆನ್ನಬಾರದು, ಪೊರೆ ಬಿಟ್ಟ ಮೇಲೆ ಬಂದು ನೋಡಬೇಕು. ಇದರ ಕಣ್ಣು ತಿಳಿಯಾಗಿತ್ತು. ಮರಿಯ ಕಿತ್ತಳೆ ನಂಬುವಂಥದಲ್ಲ, ಬೆಳೆಯುತ್ತ ಕಂದಾಗುತ್ತದೆ. ಅದಕ್ಕೇ ತಂದೆತಾಯಿಯನ್ನೂ ನೋಡಬೇಕು. ಬಣ್ಣ ಸೇರುವ ಅಂಚು ಕತ್ತರಿಸಿದ ಹಾಗೆ ಸ್ಪಷ್ಟವಾಗಿರಬೇಕು, ಹೊಟ್ಟೆಯ ಕಡೆ ಕೆಂಪು ಗಾಯವಿರಬಾರದು. ಇದನ್ನೆಲ್ಲ ನೋಡುತ್ತ ನಾನು ಸುಜಾತಕ್ಕನಿಗೆ ವಿವರಿಸುತ್ತಿದ್ದೆ. ಆ ಭಾಗ ಸ್ವಚ್ಛವಾಗಿದೆ, ಆ ಭಾಗದ ಅಂಚು ಚೆನ್ನಾಗಿದೆ, ಈ ಕಡೆಯ ಆ ಭಾಗದಲ್ಲಿ ಮಾತ್ರ ಸ್ವಲ್ಪ ಕಪ್ಪು ಚುಕ್ಕೆ.

“ಯಾವ ಭಾಗ?” ಎಂದಳು ಸುಜಾತಕ್ಕ.

ನಾನು ಬೆರಳು ತೋರಿಸಿದೆ.

“ನೀ ಬಿಳಿ ಅನ್ನು. ಅಂದ್ರ ಅದಕ್ಕೇನೂ ಆಗಂಗಿಲ್ಲ, ನನಗೂ ಏನೂ ಆಗಂಗಿಲ್ಲ.”

ಬಿಳಿ, ಎಂದೆ. ಬಾಯಿಯಲ್ಲಿ ಸುಣ್ಣ ಹಾಕಿಕೊಂಡಂತಾಯಿತು, ಆಮೇಲೆ ಏನೂ ಆಗಲಿಲ್ಲ. ಮಾಳಿಗೆಯ ಮೇಲಿನ ಹೆಂಗಸು ಒಳಗಿನ ಯಾರಿಗೋ ಕೂಗಿ ಹೇಳುತ್ತಿದ್ದಳು: “ಬಂದು ನೋಡಬೇ, ಖಾಜಾನ ಹಿತ್ತಲದಾಗ ಒಬ್ಬಾಕಿ ಹಾವನ್ನ ಸೀರಿ ನೋಡಿದಂಗ ನೋಡಾಕತ್ತಾಳ.”

ಅವಳು ಹೇಳಿದ್ದು ಸರಿಯಾಗಿತ್ತು. ಅಷ್ಟು ಹೊತ್ತಿಗೆ ನನ್ನ ಕೈ ತಾನಾಗಿ ಬ್ಯಾಗಿಗೆ ಹೋಗಿ ಬಿಳಿ ಕರ್ಚೀಫನ್ನು ತೆಗೆದು, ಒಗೆಯುವ ಕಲ್ಲಿನ ಪಕ್ಕದ ನಲ್ಲಿಗೆ ಅದರ ತುದಿಯನ್ನು ಹಿಡಿದು ಹಿಂಡಿತ್ತು. ಹಾವಿನ ಬೆನ್ನನ್ನು ಒರೆಸಿದ ಮೇಲೇ ನಾನೇನು ಮಾಡುತ್ತಿದ್ದೇನೆಂದು ತಿಳಿದದ್ದು. ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಿದ್ದೆ. ಎಂ.ಎಸ್ಸಿ. ಓದಿದವಳು ಜೀವಂತ ಹಾವಿನ ಬಣ್ಣ ಒಗೆತಕ್ಕೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೆ. ಖಾಜಾ ಭಾಯ್ ಮರ್ಯಾದಸ್ಥರು, ಬೇವಿನ ಮರ ನೋಡಿದರು.

ನಾಚಿಕೆಯಿಂದ ಕರ್ಚೀಫು ಮಡಚಲು ಹೋದೆ. ಅದರ ಮೇಲೆ ಒಂದು ಕಪ್ಪು ಚುಕ್ಕೆ ಹತ್ತಿತ್ತು. ನೋಡನೋಡುತ್ತಿದ್ದಂತೆ ಆ ಚುಕ್ಕೆ ನಡೆಯತೊಡಗಿತು.

ದನಕ್ಕೆ ಹತ್ತುವ ಉಣ್ಣೆಯ ಜಾತಿಯ ನುಸಿ. ಹಾವಿನ ಹುರುಪೆಯ ಸಂದಿನಲ್ಲಿ ಸೇರಿ ರಕ್ತ ಹೀರುತ್ತದೆ. ಗುಣ ಮಾಡಬಹುದು, ಆದರೆ ಮೊದಲ ಸಲ ಸಾಕುವವರು ಇಂಥದನ್ನು ಮನೆಗೆ ಒಯ್ಯಬಾರದು ಎಂದು ಓದಿದ್ದೆ. ನಾನು ಹುಟ್ಟುಮಚ್ಚೆ ಎಂದುಕೊಂಡಿದ್ದ ಚುಕ್ಕೆಗಳಲ್ಲಿ ಅರ್ಧ ಇವೇ. ಈ ಹಾವು ಬೇಡ ಅಕ್ಕ, ಎಂದೆ.

ಸುಜಾತಕ್ಕ ಕರ್ಚೀಫು ನೋಡಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಅವಳ ಮುಖದ ಬೆಳಕು ಆರಿತು.

“ಅವ್ವ ಫೋನ್ ಮಾಡಿದ್ಳೇನು ನಿನಗ?”

ಹೂಂ, ಎಂದೆ. ಸುಳ್ಳು ಹೇಳಲು ನನಗೆ ತಯಾರಿ ಬೇಕಾಗುತ್ತದೆ.

“ಹುಳುಕು ತೆಗಿ ಅಂದ್ಳು. ನೀ ತೆಗದಿ.”

ಆ ಕ್ಷಣ ನನಗೆ ಎಷ್ಟು ಕಷ್ಟವಾಯಿತೆಂದರೆ, ನಿಜವನ್ನೇ ಹೇಳಿ ಸುಳ್ಳುಗಾರ್ತಿಯಾಗುವುದು ಹೀಗಿರುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ಕರ್ಚೀಫನ್ನು ಅವಳ ಮಡಿಲಲ್ಲಿ ಹರವಿದೆ. ಚುಕ್ಕೆ ಮಡಿಕೆ ದಾಟಿ ನಡೆಯುತ್ತಲೇ ಇತ್ತು.

“ಇದನ್ನ ನಾ ಸಿಂಧನೂರಿಂದ ತಂದಿಲ್ಲಕ್ಕ.”

ಅವಳು ಬಗ್ಗಿ ನೋಡಿದಳು. ಖಾಜಾ ಭಾಯ್ ಕೂಡ ಬಗ್ಗಿದರು, ಅವರ ಮುಖ ಬಿಳಿಚಿತು. ಆ ಹಾವು ಬೇರೊಬ್ಬರಿಂದ ಹೋದ ವಾರವಷ್ಟೇ ಬಂದದ್ದೆಂದೂ, ಒಳಗಿನ ನೀಲಿ ಬೆಳಕಿನಲ್ಲಿ ತಮಗೆ ಕಂಡಿರಲೇ ಇಲ್ಲವೆಂದೂ, ಇದನ್ನು ಈಗಲೇ ಬೇರೆ ಇಟ್ಟು ಔಷಧ ಮಾಡುವೆನೆಂದೂ ಹೇಳಿದರು. ನಾನು ಬೆರಳುಗುರಿನಿಂದ ನುಸಿಯನ್ನು ಒತ್ತಿದೆ. ಮೊದಲಿಗೆ ಹೇಳಿದೆನಲ್ಲ, ಆ ಕಂದು ಕಲೆ ಅದರದೇ.

ಸುಜಾತಕ್ಕ ಖಾಲಿ ಡಬ್ಬಿಯನ್ನು ಎತ್ತಿಕೊಂಡು ಏಳುವುದರಲ್ಲಿದ್ದಳು. ಖಾಜಾ ಭಾಯ್ ಸೋಪು ಹಚ್ಚಿ ಕೈ ತೊಳೆದು, ನಮಗೂ ತೊಳೆಯಲು ಹೇಳಿ, ತಮ್ಮ ಮನೆಯಿಂದ ಇನ್ನೊಂದು ಮರಿ ತಂದು ತೋರಿಸುತ್ತೇನೆ, ಒಂದು ಸಲ ನೋಡಿ ಹೋಗಿ ಎಂದರು. ಅದು ಅವರ ಮನೆಯಲ್ಲೇ ಹುಟ್ಟಿದ್ದು, ಬಿಳಿ ಕಡಿಮೆ, ಹಾಗಾಗಿ ಯಾರೂ ಕೇಳಿರಲಿಲ್ಲ. ಮರಿಯ ಜೊತೆಗೆ ಅದರ ತಾಯಿಯನ್ನೂ ಚೀಲದಲ್ಲಿ ತಂದರು.

ಮರಿಯ ಮೈ ಹಳೆಯ ಬೆಲ್ಲದ ಬಣ್ಣ. ಕೊರಳ ಕೆಳಗೆ ಒಂದು ಕಡೆ, ಬಾಲದ ಹತ್ತಿರ ಇನ್ನೊಂದು ಕಡೆ ಮಾತ್ರ ಬಿಳಿ. ಆ ಬಿಳಿ ಕೆನೆಯಲ್ಲ, ಹಾಲಲ್ಲ, ಒಳ್ಳೆಯ ಪಾಲಿಶ್ ಆದ ಸೋನಾ ಮಸೂರಿಯ ಹಾಗೆ ಒಳಗಿನಿಂದ ತಿಳಿ. ಅಂಚಿನಲ್ಲಿ ಸಣ್ಣ ಕಪ್ಪು ಗೆರೆ, ಕೈಯಿಂದ ಹೊಲಿದಂತೆ. ತಾಯಿ ಸಾದಾ ಕಂದು, ಮೈಮೇಲೆ ಎಲ್ಲೂ ಬಿಳಿ ಇಲ್ಲ. ಕರ್ಚೀಫಿನ ಇನ್ನೊಂದು ತುದಿಯಿಂದ ಎರಡನ್ನೂ ಒರೆಸಿದೆ, ಈ ಸಲ ಬೇಕೆಂದೇ. ಏನೂ ಹತ್ತಲಿಲ್ಲ.

“ಇದರ ಬಿಳಿ ಮುಂದ ಹರಡ್ತೈತೇನ್ರಿ?” ಎಂದು ಕೇಳಿದಳು ಸುಜಾತಕ್ಕ. ದನಿ ಸಹಜವಾಗಿತ್ತು, ಆದರೆ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕಿರುಗುಟ್ಟಿತು.

ಇಲ್ಲ ಎಂದರು ಖಾಜಾ ಭಾಯ್. ಹುಟ್ಟಿದಾಗ ಎಷ್ಟಿದೆಯೋ ಕೊನೆಯ ತನಕ ಅಷ್ಟೇ. ಬೆಲ್ಲದ ಬಣ್ಣವೇ ಬದಲಾಗುವುದು.

ಹೂಂ ಅಕ್ಕ, ಎಂದೆ ನಾನು. ಅವಳು ನನ್ನನ್ನು ಕೇಳಿರಲಿಲ್ಲ.

ಲಿಂಗಸುಗೂರಿಗೆ ಬಾಡಿಗೆ ಕಾರಿನಲ್ಲಿ ಹೋದೆವು. ನಾನು ಸಿಂಧನೂರಿನ ಬಸ್ಸು ಹತ್ತಬಹುದಿತ್ತು, ಆದರೆ ದೊಡ್ಡವ್ವನ ಎದುರಿಗೆ ಅವಳೊಬ್ಬಳೇ ನಿಲ್ಲುವುದು ಬೇಡವೆನಿಸಿತು. ದಾರಿಯುದ್ದಕ್ಕೂ ಮರಿಯಿದ್ದ ಡಬ್ಬಿ ಅವಳ ತೊಡೆಯ ಮೇಲೆ. ಹಾವಿಗಿಂತ ಅವಳೇ ಹೆಚ್ಚು ಸುತ್ತಿಕೊಂಡು ಕೂತಿದ್ದಳು.

ಹೊತ್ತು ಇನ್ನೂ ಇಳಿದಿರಲಿಲ್ಲ. ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ಕಂಡು ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ನೋಡಿ, ನೀ ಏನಂದಿ ಎಂದು ಕೇಳಿದಳು. ಒಂದಕ್ಕೆ ಹುಳುಕಿತ್ತು, ಅದನ್ನು ಬಿಟ್ಟು ಬಂದೆವು, ಇದಕ್ಕಿಲ್ಲ ಎಂದೆ. ದೊಡ್ಡವ್ವ ನನ್ನ ಮೇಲೆ ಸಿಟ್ಟಾಗಲಿಲ್ಲ. ಗೋಡೆಗೆ ಒರಗಿ ದೂರದಲ್ಲಿ ಕೂತಳು. ಸುಜಾತಕ್ಕ ಪಡಸಾಲೆಯಲ್ಲಿ ಡಬ್ಬಿ ಇಟ್ಟು, ತೋಳು ಮೇಲೇರಿಸಿ, ಮರಿಯನ್ನು ಕೈಗೆ ತೆಗೆದುಕೊಂಡಳು.

“ಅದಕ್ಕ ಅದು ಯಾವಾಗಿಂದ?” ದೊಡ್ಡವ್ವ ಕೇಳಿದ್ದು ನನ್ನನ್ನು.

ಹುಟ್ಟಿದಾಗಿನಿಂದ, ಎಂದೆ.

“ಅದರ ಅವ್ವಗೂ ಐತೇನು?”

“ಇಲ್ಲ ಬೇ,” ಎಂದಳು ಸುಜಾತಕ್ಕ. “ಅವ್ವ ಸಾದಾ ಅದಾಳ. ನಾವ ನೋಡೀವಿ. ಅವ್ವನ ಒಳಗ, ಅಪ್ಪನ ಒಳಗ ಹಂಗ ಕಾಣದಂಗ ಇತ್ತಂತ. ಇದರಾಗ ಹೊರಗ ಬಂತು.”

ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನೀ ಹೊಟ್ಟ್ಯಾಗ ಇದ್ದಿ,” ಎಂದಳು. “ಬಣವಿ ಬುಡಕ ಒಂದು ಹುಳ ಬಂದಿತ್ತು. ಹೊಡೀರಿ ಅಂತ ನಾನ ಅಂದಿದ್ದೆ.”

ಸುಜಾತಕ್ಕ ತಲೆ ಎತ್ತಿದಳು. ಇದು ಅವಳಿಗೂ ಗೊತ್ತಿರಲಿಲ್ಲ. ಅವರಿಬ್ಬರೂ ಕೂಡಿ ಹಾಲು ಹಾಕಿದ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಈ ಮಾತು ಬಂದಿರಲಿಲ್ಲ. ದೊಡ್ಡವ್ವ ಮರಿಯನ್ನೇ ನೋಡುತ್ತಿದ್ದಳು, ಅದು ಮಗಳ ಮಣಿಕಟ್ಟನ್ನು ಸುತ್ತಿ ಸುಮ್ಮನೆ ಮಲಗಿತ್ತು.

“ಹಂಗಾರ ಇದರ ಅವ್ವಂದೇನೂ ತಪ್ಪಿಲ್ಲ ಅನ್ನು,” ಎಂದಳು.

“ಇಲ್ಲ,” ಎಂದಳು ಸುಜಾತಕ್ಕ. “ಅಕಿಗೆ ಅದನ್ನ ಯಾರೂ ಹೇಳಿರ್ಲಿಲ್ಲ, ಅಷ್ಟ.”

ನಾನು ಚಹಾದ ನೆಪ ಮಾಡಿ ಎದ್ದು ಒಳಗೆ ಹೋದೆ. ಹಾಲು ಉಕ್ಕಿ ಬಂದಾಗ ಒಲೆ ಸಣ್ಣ ಮಾಡಿದೆ. ಆಮೇಲೆ ಪಡಸಾಲೆಯಲ್ಲಿ ದೊಡ್ಡವ್ವ ಎದ್ದು ಮಗಳ ಹತ್ತಿರ ಬಂದು ಕೂತ ಬಳೆಯ ಸದ್ದು, ಅದರ ಹಿಂದೆಯೇ ಅವಳ ದನಿ: ಹಾವು ಏನು ತಿಂತೈತಿ, ಹೊತ್ತು ಹೊತ್ತಿಗೆ ಹಾಕಬೇಕೇನು ಎಂದು ಕೇಳುತ್ತಿದ್ದಳು.